ಆಘಾತದ ಗಾಡಿ

ನನ್ನ ಸುತ್ತಿಗೆಯನ್ನು ವಾಪಸು ತರಬೇಕೆಂದು ಹೋದ ಭಾನುವಾರ ತವರಿಗೆ ಹೋಗಿದ್ದೆ. ಸುತ್ತಿಗೆ ತರಲು ತವರಿಗೆ ಹೋಗುವ ಹೆಣ್ಣುಮಗಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಉಳಿದವರು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತರುತ್ತಾರೆ, ಉಪ್ಪಿನಕಾಯಿ ತರುತ್ತಾರೆ, ಅದೃಷ್ಟ ಚೆನ್ನಾಗಿದ್ದರೆ ಒಂದು ಸೀರೆ ತರುತ್ತಾರೆ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು "ಎಲ್ಲಿಗೆ ಹೊಂಟೀರಿ?" ಎಂದಳು. "ತವರಮನಿಗ್ರಿ, ಸುತ್ತಿಗಿ ತರಾಕ" ಎಂದೆ. ಆಕೆ ನನ್ನ ಮುಖ ನೋಡಿ, ತನ್ನ ಚೀಲವನ್ನು ಆಚೆ ಬದಿಗೆ ಸರಿಸಿಕೊಂಡಳು.

ಸುತ್ತಿಗೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಮರದ ಹಿಡಿ, ಕಬ್ಬಿಣದ ತಲೆ ಬಂದರೆ ಅದು ನಿಮ್ಮ ತಪ್ಪಲ್ಲ. ಇದು ಬೇರೆ ಜಾತಿಯದು. ನಮ್ಮ ಕಡೆ ರಾತ್ರಿ ಹೊಲಕ್ಕೆ ಒಯ್ಯುವ ದಪ್ಪ ಬ್ಯಾಟರಿ ದೀಪದ ಹಾಗಿರುತ್ತದೆ. ಅದರ ಮೂತಿಯನ್ನು ಕಾಂಕ್ರೀಟಿನ ಕಂಬಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಬಿಟ್ಟುಕೊಂಡು, ಕಬ್ಬಿಣದ ತುಂಡೊಂದು ಠಕ್ ಎಂದು ಗುದ್ದಿ ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತು ಎಂಬುದನ್ನು ಬದಿಯ ಮುಳ್ಳು ತೋರಿಸುತ್ತದೆ. ಕಾಂಕ್ರೀಟು ಗಟ್ಟಿಯಿದ್ದರೆ ಕೊಟ್ಟ ಏಟನ್ನು ಅಲ್ಲಿಂದಲ್ಲಿಗೇ ತಿರುಗಿಸಿ ಕೊಡುತ್ತದೆ. ಒಳಗೊಳಗೇ ಸಡಿಲಾಗಿದ್ದರೆ ಏಟನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಅಂದರೆ ಜಗಳಗಂಟರ ಚಿಂತೆ ಬೇಡ, ಸುಮ್ಮನಿರುವವರ ಬಗ್ಗೆ ಹುಷಾರಾಗಿರಬೇಕು. ನಾನು ಓದಿದ ಎಂಜಿನಿಯರಿಂಗಿನಲ್ಲಿ ಮನೆಗೂ ಉಪಯೋಗಕ್ಕೆ ಬಂದ ಮಾತು ಇದೊಂದೇ.

ನಾನು ಯಲಬುರ್ಗಾದಲ್ಲಿ ಸರ್ಕಾರಿ ಎಂಜಿನಿಯರು. ಹಳೆಯ ನೀರಿನ ಟಾಕಿ, ಶಾಲೆಯ ಮಾಳಿಗೆ, ಹಳ್ಳದ ಸೇತುವೆ, ಎಲ್ಲವನ್ನೂ ಬಡಿದು ನೋಡುವುದು ನನ್ನ ಕೆಲಸ. ಹಾಗಾಗಿ ಹಳ್ಳಿಗಳಲ್ಲಿ ನನಗೆ 'ಬಡಿಯೋ ಮೇಡಂ' ಎಂದು ಹೆಸರು ಬಿದ್ದಿದೆ. ಇದರಿಂದ ಹೆಚ್ಚು ತೊಂದರೆಯಾಗಿರುವುದು ಮೇಷ್ಟರಾಗಿರುವ ನನ್ನ ಗಂಡನಿಗೆ. "ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ ಅಂತ ಯಾರರ ಕೇಳಿದ್ರ, ಬಡೀತಾರ್ರಿ ಅನ್ನಬೇಕಾಗ್ತೈತಿ. ಅವ್ರು ನನ್ನ ಮಾರಿ ಮ್ಯಾಲ ಬಾವು ಬಂದೈತೇನು ಅಂತ ನೋಡ್ತಾರ" ಎಂದು ಅವರ ದೂರು. ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಕೆಲಸದ ಚಟ ಕೈಗೆ ಹತ್ತಿಬಿಟ್ಟಿದೆ. ಸಂತೆಯಲ್ಲಿ ಕಲ್ಲಂಗಡಿ, ಗಡಿಗೆ, ತೆಂಗಿನಕಾಯಿಗಳನ್ನು ಎಲ್ಲರೂ ಬಡಿದು ನೋಡುತ್ತಾರೆ. ನಾನು ಬದನೆಕಾಯಿಯನ್ನೂ ಬಡಿಯುತ್ತೇನೆ. ಬೇರೆಯವರ ಮನೆಗೆ ಹೋದರೆ ಚಹಾ ಬರುವುದರೊಳಗೆ ಅವರ ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಆಗಿರುತ್ತದೆ. ಹೊಸ ಮನೆ ಕಟ್ಟಿದವರು ನನ್ನನ್ನು ಗೃಹಪ್ರವೇಶಕ್ಕೆ ಕರೆಯುವುದನ್ನೇ ಬಿಟ್ಟಿದ್ದಾರೆ.

ಬಡಿಯುವುದು ನನಗೆ ಕಾಲೇಜು ಕಲಿಸಿದ ವಿದ್ಯೆಯೇನಲ್ಲ, ಅದು ಮನೆತನದ್ದು. ನಮ್ಮೂರು ಹನುಮಸಾಗರದ ಹತ್ತಿರ. ಬೆಳಗಾಗುತ್ತಲೇ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಕಣ್ಣು ತೆರೆಯದೆಯೇ ಯಾರ ಮನೆಯ ರೊಟ್ಟಿ ಎಂದು ಹೇಳಬಹುದಿತ್ತು. ಅವ್ವನ ಕೈಯ ಸಪ್ಪಳ ಅಪ್ಪನ ಮೇಲಿನ ಆ ದಿನದ ಅಭಿಪ್ರಾಯವನ್ನೂ ತಿಳಿಸುತ್ತಿತ್ತು. ಸಿಟ್ಟಿದ್ದ ದಿನ ರೊಟ್ಟಿ ತೆಳ್ಳಗೆ, ಅಗಲವಾಗಿ, ಬಹಳ ಛಲೋ ಆಗುತ್ತಿತ್ತು. ಅದೇ ಕೈ ಮಧ್ಯಾಹ್ನ ಟಿವಿಯ ಎಡಗೆನ್ನೆಗೆ ಒಂದು ಬಿಗಿದರೆ ಓಡಿಹೋಗಿದ್ದ ಚಿತ್ರ ತಿರುಗಿ ಬರುತ್ತಿತ್ತು. ರೇಡಿಯೋ, ಗೋಡೆ ಗಡಿಯಾರ, ಸ್ಟವ್ವು, ನಾನು, ನನ್ನ ತಮ್ಮ, ಎಲ್ಲರ ರಿಪೇರಿಯೂ ಇದೇ ಪದ್ಧತಿಯಲ್ಲಿ ನಡೆಯುತ್ತಿತ್ತು. ಬಿಕ್ಕಳಿಕೆ ಬಂದರೆ ಬೆನ್ನಿಗೆ ಒಂದು ಗುದ್ದು. ಬಿಕ್ಕಳಿಕೆ ಹೋಗುತ್ತಿತ್ತು, ಕೆಲವು ಸಲ ಉಸಿರೂ ಅದರ ಜೊತೆ ಸ್ವಲ್ಪ ದೂರ ಹೋಗಿ ಬರುತ್ತಿತ್ತು.

ನಮ್ಮ ಮಾತೇ ಹಾಗಿದೆ ನೋಡಿ. ತಟ್ಟು, ಬಡಿ, ಗುದ್ದು, ಕುಟ್ಟು, ಜಜ್ಜು, ಚಚ್ಚು ಎಂದು ಏಟಿನ ತೂಕಕ್ಕೆ ತಕ್ಕಂತೆ ಒಂದೊಂದು ಮಾತು ಇಟ್ಟುಕೊಂಡವರು ನಾವು. ಅದೂ ಸಾಲದೆ ಹೊಡೆಯಬಾರದ್ದನ್ನೆಲ್ಲ ಹೊಡೆಯುತ್ತೇವೆ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದ. ಕುಷ್ಟಗಿ, ಗಂಗಾವತಿ, ಕೊಪ್ಪಳ ಎಂದು ಜೀವಮಾನವಿಡೀ ಗಾಡಿ 'ಹೊಡೆದ'. ಯಾರಿಗೂ ಒಂದು ಏಟು ತಾಗಿಸದೆ ಹೊಡೆದ ಎಂಬುದೇ ಅವನ ಹೆಮ್ಮೆ. ಇಷ್ಟು ಶ್ರೀಮಂತ ಭಾಷೆಯಲ್ಲಿ ವಿಜ್ಞಾನದ ಪುಸ್ತಕ ಬರೆದವರಿಗೆ ಸಿಕ್ಕಿದ್ದು ಮಾತ್ರ 'ಆಘಾತ' ಎಂಬ ಒಂದೇ ಪದ. ಕಬ್ಬಿಣಕ್ಕೆ ಏಟು ಬಿದ್ದರೂ ಆಘಾತ, ಕಲ್ಲಿಗೆ ಕಲ್ಲು ಬಡಿದರೂ ಆಘಾತ. ಆ ಪದ ಮುಂದೆ ನನ್ನ ಕಾಲಿಗೇ ತೊಡರಿಕೊಳ್ಳುತ್ತದೆಂದು ಆಗ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಇನ್ನೊಂದು ಯಂತ್ರವಿತ್ತು. ಭಾರವಾದ ಲೋಲಕವೊಂದನ್ನು ಮೇಲೆತ್ತಿ ಬಿಟ್ಟರೆ ಅದು ಕೆಳಗೆ ಬಂದು, ಕಚ್ಚು ಮಾಡಿಟ್ಟ ಕಬ್ಬಿಣದ ತುಂಡನ್ನು ಒಂದೇ ಏಟಿಗೆ ಮುರಿದು ಆಚೆ ಹೋಗುತ್ತಿತ್ತು. ಮುರಿಯುವ ಮುಂಚೆ ಆ ತುಂಡು ಎಷ್ಟು ತಡೆದುಕೊಂಡಿತು ಎಂಬುದನ್ನು ಮುಳ್ಳು ಹೇಳುತ್ತಿತ್ತು. "ಸರ್, ಇದನ್ನ ತಿಳಕೊಂಡು ಆ ತುಂಡಿಗೆ ಏನ್ ಲಾಭ ಆತ್ರಿ?" ಎಂದು ಕೇಳಿದೆ. ಮೇಷ್ಟರು ನನ್ನನ್ನು ಹೊರಗೆ ನಿಲ್ಲಿಸಿದರು. ಈಗಲೂ ನನ್ನ ಪ್ರಶ್ನೆ ಸರಿಯೇ ಎಂದು ನನ್ನ ಅನಿಸಿಕೆ.

ದೊಡ್ಡವರೂ ಇದನ್ನೇ ಮಾಡುತ್ತಾರೆ, ಸ್ವಲ್ಪ ದೂರ ಹೋಗಿ ಮಾಡುತ್ತಾರೆ ಅಷ್ಟೇ. ನಮ್ಮ ದೇಶದವರು ಒಮ್ಮೆ ಚಂದ್ರನ ಮೇಲೆ ಒಂದು ಪೆಟ್ಟಿಗೆಯನ್ನು ಬೇಕೆಂದೇ ಕೆಡವಿ ಗುದ್ದಿಸಿದರು. ಬೇರೆ ದೇಶದವರು ಬಾನಿನಲ್ಲಿ ತನ್ನ ಪಾಡಿಗೆ ತಾನು ಸುತ್ತುತ್ತಿದ್ದ ಬಂಡೆಯೊಂದಕ್ಕೆ ನೌಕೆಯನ್ನು ನೇರ ಒಯ್ದು ಅಪ್ಪಳಿಸಿ, ಬಂಡೆ ದಾರಿ ಬದಲಿಸಿತೇ ಎಂದು ನೋಡಿದರು. ಬದಲಿಸಿತಂತೆ. ಈ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಅಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. ಟಿವಿಯಲ್ಲಿ ಆ ವಿಜ್ಞಾನಿಗಳೆಲ್ಲ ಎದ್ದು ನಿಂತು ಕುಣಿಯುತ್ತಿದ್ದರು. ಅಪ್ಪ ಪೂರಾ ಕೇಳಿಸಿಕೊಂಡ.

"ಹೋಗಿ ಹೋಗಿ ಎದುರಿಗಿದ್ದದ್ದಕ್ಕ ಡಿಕ್ಕಿ ಹೊಡದು ಚಪ್ಪಾಳಿ ತಟ್ಟಾಕತ್ತಾರ. ನಾ ಡ್ಯೂಟಿ ಮ್ಯಾಲಿದ್ದಾಗ ಒಂದ್ ಕುರಿಗೆ ತಾಗಿಸಿದ್ರೂ ಸಸ್ಪೆಂಡ್ ಮಾಡ್ತಿದ್ರು."

"ಅಪ್ಪಾ, ಅದು ವಿಜ್ಞಾನ."

"ಮತ್ತ ಕುರಿ ಏನು, ಅಜ್ಞಾನ?"

ಇಂಥ ಅಪ್ಪನಿಗೆ ಹೋದ ವರ್ಷ 'ಗ್ಯಾಸ್' ಆಯಿತು.

ಗ್ಯಾಸ್ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎದೆ ಬಿಗಿದರೆ ಗ್ಯಾಸ್. ಎಡಗೈ ಜೋಮು ಹಿಡಿದರೆ ಗ್ಯಾಸ್ ಕೈಗೆ ಇಳಿದಿದೆ. ಬೆವರು ಕಿತ್ತುಕೊಂಡು ಬಂದರೆ ಗ್ಯಾಸ್ ಹೊರಗೆ ಬರುತ್ತಿದೆ. ಸತ್ತೇಹೋದರೆ ಗ್ಯಾಸ್ ತಲೆಗೆ ಏರಿತು. ಎಲ್ಲದಕ್ಕೂ ಔಷಧಿ ನಿಂಬೆಹಣ್ಣು ಹಿಂಡಿದ ಸೋಡಾ. ನಾನೇನು ಬೇರೆಯವಳಲ್ಲ. ಟಾಕಿಯ ಮೆಟ್ಟಿಲು ಹತ್ತಿ ಇಳಿದ ದಿನ ನನಗೂ ಎದೆಯಲ್ಲಿ ಏನೋ ಹಿಡಿದುಕೊಂಡಂತಾಗಿ ಒಂದು ಸೋಡಾ ಬೇಕಾಗುತ್ತದೆ.

ಅಪ್ಪ ಮನೆಯಿಂದ ಚಹಾದ ಅಂಗಡಿಗೆ ಹೋಗುವಾಗ ನಡುವೆ ಒಂದು ಕಟ್ಟೆಯ ಮೇಲೆ ಕೂರತೊಡಗಿದ್ದ. ಮೊದಲು ಆ ಕಟ್ಟೆಯಲ್ಲಿ ಕೂರುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಅವ್ವ ಫೋನು ಮಾಡಿ, "ನಿಮ್ಮಪ್ಪ ಮಾತ ಕಡಿಮಿ ಮಾಡ್ಯಾನ ನೋಡವಾ. ಬೈಯೂದೂ ಬಿಟ್ಟಾನ. ನನಗ ಅಂಜಿಕಿ ಬರಾಕತ್ತೈತಿ" ಎಂದಳು. ನನಗೂ ಅಂಜಿಕೆಯಾಯಿತು. ಊರಿಗೆ ಹೋಗಿ ದವಾಖಾನೆಗೆ ನಡಿ ಎಂದೆ, ಬೇಡಿಕೊಂಡೆ, ಊಟ ಬಿಟ್ಟು ಕೂತೆ. ಅಪ್ಪ ನನ್ನ ಪಾಲಿನ ರೊಟ್ಟಿಯನ್ನೂ ತಾನೇ ತಿಂದು, "ಗ್ಯಾಸ್ ಐತಿ ಯವ್ವಾ, ಹೋಗ್ತೈತಿ" ಎಂದ.

ಅವನ ಭಯ ಬೇರೆ ಇತ್ತು. ಡ್ರೈವರುಗಳಿಗೆ ಆಗಾಗ ದೇಹದ ತಪಾಸಣೆ ಮಾಡಿಸುತ್ತಿದ್ದರು. ಅವನ ಗೆಳೆಯನೊಬ್ಬ ಸಕ್ಕರೆ ಇದೆಯೇ ಎಂದು ನೋಡಿಸಿಕೊಳ್ಳಲು ಹೋಗಿ, ಸಕ್ಕರೆ ಇಲ್ಲದೆ, ಕಣ್ಣಿನಲ್ಲಿ ಅನ್‌ಫಿಟ್ ಆಗಿ ಬಂದಿದ್ದ. ಅಂದಿನಿಂದ ಆ ಮನುಷ್ಯ ಸ್ಟೀರಿಂಗು ಮುಟ್ಟಲಿಲ್ಲ. ನಿವೃತ್ತನಾಗಿ ವರ್ಷಗಳಾದರೂ ಅಪ್ಪನಿಗೆ ಆ ಪದದ ಭಯ ಹೋಗಿರಲಿಲ್ಲ. "ದವಾಖಾನಿಗೆ ಫಿಟ್ ಆಗಿ ಹೋದವ್ರ ಅನ್‌ಫಿಟ್ ಆಗಿ ಹೊರಗ ಬರ್ತಾರ. ನಾ ನೋಡೇನಿ" ಎನ್ನುತ್ತಿದ್ದ. ಟಾಕಿಗಳನ್ನು ಫಿಟ್, ಅನ್‌ಫಿಟ್ ಎಂದು ಹೇಳುತ್ತ ಹೊಟ್ಟೆ ಹೊರೆಯುವವಳು ನಾನು.

ಅದೇ ದಿನಗಳಲ್ಲಿ ನಮ್ಮೂರಿನ ಹಳೆಯ ನೀರಿನ ಟಾಕಿಯನ್ನು ಪರೀಕ್ಷಿಸುವ ಕೆಲಸಕ್ಕೆ ನನ್ನನ್ನು ಎರವಲು ಕರೆದರು. ದೊಡ್ಡ ಯಂತ್ರಗಳಿದ್ದ ವ್ಯಾನೊಂದನ್ನು ಬೇರೆ ಊರಿನಿಂದ ತರಿಸಿದ್ದರು. ನಾನು ಬೆಳಿಗ್ಗೆ ಬೇಗ ಹೋಗಿ, ನೇರ ಟಾಕಿಯ ಮೇಲೆ ಹತ್ತಿ ನನ್ನ ಸುತ್ತಿಗೆಯಿಂದ ಠಕ್ ಠಕ್ ಶುರುಮಾಡಿದ್ದೆ. ಅಪ್ಪನಿಗೆ ನಾನು ಬಂದಿರುವುದನ್ನು ತಿಳಿಸಿರಲಿಲ್ಲ. ಕೆಲಸ ಮುಗಿಸಿಯೇ ಮನೆಗೆ ಹೋಗಿ ಜಗಳವಾಡುವುದು ನನ್ನ ಯೋಜನೆಯಾಗಿತ್ತು.

ವ್ಯಾನು ಆಮೇಲೆ ಬಂತು. ಬಿಳಿಯ ವ್ಯಾನು. ಮೈಮೇಲೆ ಕೆಂಪು ಪಟ್ಟೆ. ಅದರ ಮೇಲೆ, ಯಾವ ಪುಣ್ಯಾತ್ಮ ಅನುವಾದ ಮಾಡಿದ್ದನೋ, ದೊಡ್ಡ ಅಕ್ಷರಗಳಲ್ಲಿ 'ಸಂಚಾರಿ ಆಘಾತ ಪರೀಕ್ಷಾ ಘಟಕ' ಎಂದು ಬರೆಸಿದ್ದರು.

ಈಗ ನೀವೇ ಹೇಳಿ. ನಮ್ಮ ಹಳ್ಳಿಗಳಿಗೆ ಬಿಳಿಯ ವ್ಯಾನು ಬರುವುದು ಒಂದೋ ಕಣ್ಣಿನ ತಪಾಸಣೆಗೆ, ಇಲ್ಲವೆ ಬಿಪಿಗೆ. ಅದರ ಮೇಲೆ ಆಘಾತ ಎಂದಿದೆ. ಆಘಾತ ಎಂಬ ಮಾತನ್ನು ನಮ್ಮವರು ಇನ್ನೆಲ್ಲಿ ಕೇಳಿದ್ದಾರೆ? ಹೃದಯಾಘಾತದಲ್ಲಿ. ಪೇಪರಿನಲ್ಲಿ ದಿನಾ ಬೆಳಗಾದರೆ ಒಬ್ಬರಲ್ಲ ಒಬ್ಬರಿಗೆ ಆಗಿಯೇ ಇರುತ್ತದೆ. ವ್ಯಾನಿನವರು ಚಹಾ ಕುಡಿದು ಬರುವುದರೊಳಗೆ ಓಣಿ ಓಣಿಗೆ ಸುದ್ದಿ ಮುಟ್ಟಿತ್ತು: ಎದಿ ನೋಡೋ ಗಾಡಿ ಬಂದೈತಿ, ರೊಕ್ಕ ಇಲ್ಲಂತ.

ನಾನು ಮೇಲಿನಿಂದ ಕೆಳಗೆ ಇಣುಕಿದಾಗ ವ್ಯಾನಿನ ಬಾಗಿಲಿನಿಂದ ಶಾಲೆಯ ಕಾಂಪೌಂಡಿನವರೆಗೆ ಜನ ಸಾಲುಗಟ್ಟಿ ಪಾಳಿ ಹಚ್ಚಿದ್ದರು. ಹೆಂಗಸರು ನೆಲಕ್ಕೆ ಕೂತುಬಿಟ್ಟಿದ್ದರು. ಗಂಡಸರು ಅಂಗಿಯ ಗುಂಡಿ ಬಿಚ್ಚಿ ತಯಾರಾಗಿದ್ದರು. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಬೋರ್ಡು ಕಣ್ಣಿಗೆ ಬಿತ್ತು, ಅರ್ಥವಾಯಿತು, ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಅಷ್ಟು ಎತ್ತರದಲ್ಲಿ ಒಬ್ಬಳೇ ನಗುವುದು ಕ್ಷೇಮವಲ್ಲವೆಂದು ಕಂಬಿ ಹಿಡಿದುಕೊಂಡೆ.

ಆಗ ಪಾಳಿಯಲ್ಲಿ ಅಪ್ಪ ಕಂಡ.

ಬಸ್ಸಿನ ಪಾಳಿಯಲ್ಲಿ ನುಗ್ಗಿದವರನ್ನು ಇಳಿಸಿ ಬೈಯುತ್ತಿದ್ದ ಮನುಷ್ಯ, ಯಾರೋ ಮುಂದೆ ಸೇರಿಕೊಂಡರೂ ಸುಮ್ಮನೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮೇಲಿನ ಗುಂಡಿ ಬಿಚ್ಚಿ, ಬಿಚ್ಚಿದ ಜಾಗವನ್ನು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದ. ನನ್ನ ನಗು ನಿಂತಿತು. ಬರೀ ಗ್ಯಾಸ್ ಆದವನು ಆಘಾತದ ಗಾಡಿಯ ಮುಂದೆ ಯಾಕೆ ನಿಲ್ಲುತ್ತಾನೆ? ಅಪ್ಪನಿಗೆ ಗೊತ್ತಿತ್ತು. ಎಷ್ಟು ದಿನದಿಂದಲೋ ಗೊತ್ತಿತ್ತು. ಗೊತ್ತಿದ್ದೂ ನಮ್ಮೆದುರು ರೊಟ್ಟಿ ತಿಂದು ತೋರಿಸುತ್ತಿದ್ದ. ಆ ಕಂಬಿ ಹಿಡಿದುಕೊಂಡು ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಇಳಿದು ಬರುವುದರೊಳಗೆ ಗುಟ್ಟು ರಟ್ಟಾಗಿತ್ತು. ವ್ಯಾನಿನ ಡ್ರೈವರು "ಇದು ಮನುಷ್ಯಾರಿಗಲ್ರೀ, ಟಾಕಿ ತಪಾಸ ಮಾಡೂದು" ಎಂದು ಕೂಗುತ್ತಿದ್ದ. ಪಾಳಿಯ ಮೊದಲಲ್ಲಿದ್ದ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ಮುಂಜಾನಿಂದ ಚಾ ಸೈತ ಕುಡದಿಲ್ಲ, ಖಾಲಿ ಹೊಟ್ಟೀಲೆ ಬಂದೇನಿ. ಟಾಕಿಗೆ ಎದಿ ಇರ್ತೈತೇನೋ? ಟಾಕಿ ಎದಿ ನೋಡಾಕ ಇಷ್ಟ ದೊಡ್ಡ ಗಾಡಿ, ನಮ್ಮ ಎದಿ ನೋಡಾಕ ಒಂದ್ ಸೈಕಲ್ಲೂ ಇಲ್ಲೇನು?"

ಜನ ನಗುತ್ತ, ಬೈಯುತ್ತ ಚದುರಿದರು. ಅಪ್ಪ ನನ್ನನ್ನು ಕಂಡದ್ದೇ ತಡ, ಗುಂಡಿ ಹಾಕಿಕೊಂಡು ವ್ಯಾನಿನ ಚಕ್ರದ ಹತ್ತಿರ ಬಗ್ಗಿದ.

"ಏನಪ್ಪಾ, ಇಲ್ಲಿ?"

"ಏನಿಲ್ಲ ಯವ್ವಾ. ಸುಮ್ಮ ಗಾಡಿ ನೋಡಾಕ ಬಂದಿದ್ದೆ. ಟಾಯರ್ ಸವದಾವು ನೋಡು. ಇಂಥಾ ಗಾಡಿ ರೋಡಿಗೆ ಬಿಡಬಾರದು."

ಬಗ್ಗಿದವನಿಗೆ ಏಳಲು ತಡವಾಯಿತು. ನಾನು ಕೈ ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲಿಂದಲೇ ಮನೆಗೆ ಹೋಗಿಬಿಡುತ್ತಿದ್ದ. ಬುದ್ಧಿಯ ಮಾತು ಯಾವುದೂ ತಲೆಗೆ ಬರಲಿಲ್ಲ, ಕೈಯಲ್ಲಿದ್ದದ್ದು ಸುತ್ತಿಗೆ ಒಂದೇ. "ಹೆಂಗೂ ಬಂದೀ, ಇಲ್ಲಿ ನಿಲ್ಲು" ಎಂದೆ. ಟಾಕಿಯ ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸಿದೆ. ಅವನ ಭುಜದ ಬದಿಗೆ ಕಂಬಕ್ಕೆ ಸುತ್ತಿಗೆಯ ಮೂತಿ ಒತ್ತಿದೆ. ಠಕ್.

ಅಪ್ಪ ಕಣ್ಣು ಮುಚ್ಚಿದ್ದ. ತೆರೆದು, "ಎಷ್ಟ ಬಂತು?" ಎಂದ.

ಮುಳ್ಳು ಬಹಳ ಕೆಳಗಿತ್ತು. ಕಂಬ ಏಟನ್ನು ನುಂಗಿಕೊಂಡಿತ್ತು. "ಕಡಿಮಿ ಬಂದೈತಪ್ಪ. ಕೊಪ್ಪಳಕ್ಕ ಹೋಗಬೇಕು."

ಅವನು ಸುತ್ತಿಗೆಯನ್ನು ನೋಡಿದ, ಕಂಬವನ್ನು ನೋಡಿದ, ನನ್ನ ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. "ಅನ್‌ಫಿಟ್ ಅನ್ನು ಹಂಗಾರ."

"ಅನ್‌ಫಿಟ್ ಅಲ್ಲ. ರಿಪೇರಿ."

"ಹೂಂ. ಮಷಿನ್ ಹೇಳಿದ ಮ್ಯಾಲ ಮುಗೀತು. ನಡಿ."

ಮಗಳು ಅತ್ತು ಕರೆದರೆ ಬಾರದವನು ಮಷಿನ್ ಹೇಳಿತೆಂದು ಹೊರಟ. ಬೇರೆ ವಾಹನ ಸಿಗದೆ ಆಘಾತದ ಗಾಡಿಯಲ್ಲೇ ಅಪ್ಪ, ಅವ್ವ, ನಾನು ಕೊಪ್ಪಳಕ್ಕೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಒಂದೊಂದು ಹಂಪ್ಸಿಗೂ ಡ್ರೈವರನಿಗೆ ಬೈದ: "ಏ ತಮ್ಮಾ, ನೀ ಗಾಡಿ ಹೊಡೀತೀಯೋ, ಗಾಡೀಗೆ ಹೊಡೀತೀಯೋ?" ಅಷ್ಟು ದಿನ ಬೈಗುಳ ಕೇಳದಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊಪ್ಪಳದ ಡಾಕ್ಟರು ಅಪ್ಪನ ಬೆನ್ನಿಗೆ ಬೆರಳಿಟ್ಟು, ಅದರ ಮೇಲೆ ಇನ್ನೊಂದು ಬೆರಳಿನಿಂದ ಟಕ್ ಟಕ್ ಕುಟ್ಟಿ ನೋಡಿದರು. "ನನ್ನ ಮಗಳೂ ಇದ ಕೆಲಸ ಮಾಡ್ತಾಳ್ರಿ" ಎಂದು ಅಪ್ಪ ಪರಿಚಯಿಸಿದ. ಆಮೇಲೆ ಇಸಿಜಿ ನೋಡಿ ಡಾಕ್ಟರ ಮುಖ ಬದಲಾಗಿ, ಅಲ್ಲಿಂದಲೇ ಹುಬ್ಬಳ್ಳಿಗೆ ಅಂಬುಲೆನ್ಸು ಮಾಡಿದರು. ರಕ್ತನಾಳ ಕಟ್ಟಿತ್ತು. ಅದನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನಮ್ಮೂರಿನ ಟಾಕಿ ಮಾತ್ರ ಅನ್‌ಫಿಟ್ ಆಯಿತು. ಅದನ್ನು ಕೆಡವಿದ ದಿನ ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದನಂತೆ.

ಸುತ್ತಿಗೆ ಅವನ ಬಳಿಯೇ ಉಳಿಯಿತು. ನಾನು ಸ್ವಂತ ರೊಕ್ಕ ಕೊಟ್ಟು ಕೊಂಡದ್ದು. ಕಚೇರಿಯಲ್ಲಿ ಬೇರೊಂದು ಇದ್ದುದರಿಂದ ನಾನೂ ಕೇಳಿರಲಿಲ್ಲ. ಈಗ ಅದರ ಸ್ಪ್ರಿಂಗು ಸಡಿಲಾಗಿದೆ ಎಂದು ತಮ್ಮ ಹೇಳಿದ್ದಕ್ಕೆ, ರಿಪೇರಿಗೆ ಕಳಿಸೋಣವೆಂದು ಭಾನುವಾರ ಹೋದೆ. ಹೋದರೆ ಮನೆಯ ಮುಂದೆ ಪಾಳಿ! ಅಪ್ಪ ಪಡಸಾಲೆಯಲ್ಲಿ ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸುತ್ತಿದ್ದಾನೆ. ಭುಜದ ಬದಿಗೆ ಗೋಡೆಗೆ ಠಕ್. ಚಷ್ಮಾ ಏರಿಸಿ ಮುಳ್ಳು ನೋಡಿ ಗಂಭೀರವಾಗಿ ಹೇಳುತ್ತಾನೆ: "ಗ್ಯಾಸ್ ಅಲ್ಲೋ ಇದು. ಕೊಪ್ಪಳಕ್ಕ ಹೋಗು."

ಜನ ಹೋದ ಮೇಲೆ ತಲೆ ಚಚ್ಚಿಕೊಂಡೆ. "ಅಪ್ಪಾ, ಏನ್ ಮಾಡಾಕತ್ತೀ? ಸ್ಪ್ರಿಂಗ್ ಹೋಗೈತಿ. ಗ್ವಾಡಿಗೂ ಅದ ನಂಬರ, ಕಲ್ಲಿಗೂ ಅದ ನಂಬರ."

"ಇರಲಿ ಬಿಡು. ನಾ ಹೇಳೂದೂ ಒಂದ ಮಾತು. ಅದಕ್ಕ ಒಂದ ನಂಬರ ಸಾಕು."

"ಇದು ಗ್ವಾಡಿ ನೋಡೋ ಮಷಿನ್ ಅಪ್ಪಾ. ಅವತ್ತ ನಾ ಬಡದದ್ದು..."

"ಕಂಬಕ್ಕ" ಎಂದ ಅಪ್ಪ. "ಏಟು ತನಗ ಬಿತ್ತೋ, ಹಿಂದಿನ ಕಂಬಕ್ಕ ಬಿತ್ತೋ ಗೊತ್ತಾಗದ ಡ್ರೈವರ್ ಏನ್ ನಾನು? ಹೋಗಾಕ ಒಂದ್ ನೆಪ ಬೇಕಾಗಿತ್ತು. ನೀ ಕೊಟ್ಟಿ. ಈ ಮಂದಿಗೂ ಅದ ಬೇಕಾಗೈತಿ."

ನಾನು ಸುಮ್ಮನಾದೆ. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದಿದ್ದಕ್ಕೋ ಏನೋ, ಎದೆಯಲ್ಲಿ ಹಿಡಿದುಕೊಂಡಂತಾಗಿತ್ತು. ಕೈಯಿಂದ ತಿಕ್ಕಿಕೊಳ್ಳುತ್ತ, "ಅವ್ವಾ, ಒಂದ್ ಸೋಡಾ ತರಸು ಬೇ. ಗ್ಯಾಸ್ ಆಗೈತಿ" ಎಂದೆ.

ಅಪ್ಪ ಎದ್ದ. "ಗ್ವಾಡಿಗೆ ನಿಲ್ಲು" ಎಂದ.

ನಕ್ಕೆ. ಅವನು ನಗಲಿಲ್ಲ. ನಿಂತೆ. ನನ್ನ ಭುಜದ ಬದಿಗೆ ಠಕ್ ಎಂದಿತು. ಅಪ್ಪ ಚಷ್ಮಾ ಹಾಕಿಕೊಳ್ಳದೆ, ಸುತ್ತಿಗೆಯನ್ನು ತಲೆಕೆಳಗಾಗಿ ಹಿಡಿದು ಓದಿದ.

"ಅಪ್ಪಾ, ನಾಳೆ ನನಗ ಆಫೀಸ್ ಐತಿ."

"ಮಷಿನ್ ಹೇಳಿದ ಮ್ಯಾಲ ಮುಗೀತು. ಮುಂಜಾನಿ ಏನೂ ತಿನ್ನಬ್ಯಾಡ. ತಮ್ಮನ ಕಾರ್ ಐತಿ. ಗಾಡಿ ನಾ ಹೊಡೀತೇನಿ."